ಕೋಳಿಗಳ ನೀರಿಗೆ ನ್ಯಾನೋ ಬೆಳ್ಳಿ, ಕುರಿಗಳ ಮೇವಿಗೆ ನ್ಯಾನೋ ತಾಮ್ರ: ಹಾಕಬಹುದಾ, ಬೇಡವಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ದಾವಣಗೆರೆ ಹತ್ತಿರ ನಮ್ಮದೊಂದು ಲೇಯರ್ (ಮೊಟ್ಟೆ ಕೋಳಿ) ಫಾರಂ ಇದೆ, 5,000 ಕೋಳಿ. ಇಪ್ಪತ್ತು ಕುರಿಗಳೂ ಇವೆ. ಹೋದ ತಿಂಗಳು ಒಬ್ಬರು ಬಂದು ‘ನ್ಯಾನೋ ಸಿಲ್ವರ್’ ಅಂತ ಒಂದು ದ್ರವ ಕೊಟ್ಟರು. 1,000 ಲೀಟರ್ ಟ್ಯಾಂಕಿಗೆ 100 ಎಂಎಲ್ ಹಾಕಿದರೆ ಸಾಕು, ಆಂಟಿಬಯಾಟಿಕ್ ಬೇಡ, ಇಮ್ಯುನಿಟಿ ಜಾಸ್ತಿ ಆಗುತ್ತದೆ ಅಂದರು. ಕುರಿಗಳಿಗೆ ತಾಮ್ರ, ಸತು, ಸೆಲೆನಿಯಂ ಇರುವ ‘ನ್ಯಾನೋ ಮಿನರಲ್ ಮಿಕ್ಸ್ಚರ್’ ಕೂಡ ಕೊಟ್ಟಿದ್ದಾರೆ. ಬಿಎಸ್ಸಿ ಓದುವ ನನ್ನ ಮಗ, ನ್ಯಾನೋ ಅಂದರೆ ಲಿವರ್‌ನಲ್ಲಿ ಹೋಗಿ ಕೂರುತ್ತದೆ, ಇಮ್ಯುನಿಟಿ ಹಾಳಾಗುತ್ತದೆ, ಕ್ಯಾನ್ಸರ್ ಬರುತ್ತದೆ, ಮುಟ್ಟಬೇಡಿ ಅನ್ನುತ್ತಾನೆ. ದುಡ್ಡು ಕೊಟ್ಟಾಗಿದೆ, ಇನ್ನೂ ಹಾಕಿಲ್ಲ. ಬಾಟಲಿಯ ಲೇಬಲ್ ಫೋಟೋ ಕಳಿಸಿದ್ದೇನೆ. ನಮ್ಮ ಬೋರ್‌ವೆಲ್ ನೀರು ಉಪ್ಪು, ಗಡಸು. ಯಾರ ಮಾತು ನಂಬಲಿ?

ಉತ್ತರ: ಮೊದಲು ಮಾಡಬೇಕಾದ್ದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಬೆಳ್ಳಿಯ ಬಾಟಲಿ ತೆರೆಯಬೇಡಿ. ಕುರಿಗಳ ಮಿಕ್ಸ್ಚರ್‌ನಲ್ಲಿ ತಾಮ್ರ ಎಷ್ಟಿದೆ ಅಂತ ಅವರು ಬರೆದು ಕೊಡುವ ತನಕ ಒಂದು ಚಿಟಿಕೆಯನ್ನೂ ಹಾಕಬೇಡಿ. ನಿಮ್ಮ ಮಗ ಹೇಳಿದ್ದರಲ್ಲಿ ಲಿವರ್ ಮಾತು ನಿಜ, ಇಮ್ಯುನಿಟಿ ಮಾತು ಬಹಳ ಮಟ್ಟಿಗೆ ನಿಜ, ಕ್ಯಾನ್ಸರ್ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮಾರಲು ಬಂದವರದ್ದೂ ಪೂರ್ತಿ ಸುಳ್ಳಲ್ಲ. ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಸುಟ್ಟ ಗಾಯಕ್ಕೆ ಬೆಳ್ಳಿಯ ಮುಲಾಮು ಹಚ್ಚುವುದು ಅದಕ್ಕೇ. ಆದರೆ ಗಾಯದ ಮೇಲೆ ಹಚ್ಚುವುದು ಬೇರೆ, ದಿನಾ ಕುಡಿಸುವುದು ಬೇರೆ ಅಲ್ವಾ?

‘ನ್ಯಾನೋ’ ಅನ್ನುವುದು ಒಂದು ಪದಾರ್ಥದ ಹೆಸರಲ್ಲ. ಅದು ಗಾತ್ರದ ಹೆಸರು. 1ರಿಂದ 100 ನ್ಯಾನೋಮೀಟರ್ ಒಳಗಿನ ಕಣಗಳಿಗೆ ಹಾಗೆ ಅನ್ನುತ್ತಾರೆ. ನಮ್ಮ ತಲೆಕೂದಲು ಸುಮಾರು 80,000 ನ್ಯಾನೋಮೀಟರ್ ದಪ್ಪ ಇರುತ್ತದೆ, ಲೆಕ್ಕ ಹಾಕಿಕೊಳ್ಳಿ. ಹಾಗಾಗಿ ‘ನ್ಯಾನೋ ಒಳ್ಳೆಯದಾ ಕೆಟ್ಟದ್ದಾ’ ಅಂತ ಕೇಳಿದರೆ ‘ಪುಡಿ ಒಳ್ಳೆಯದಾ ಕೆಟ್ಟದ್ದಾ’ ಅಂತ ಕೇಳಿದ ಹಾಗಾಗುತ್ತದೆ. ಯಾವುದರ ಪುಡಿ, ಎಷ್ಟು, ಬಾಯಿಗೋ ಮೂಗಿಗೋ ರಕ್ತಕ್ಕೋ, ಕೋಳಿಗೋ ಕುರಿಗೋ? ಇಷ್ಟು ಗೊತ್ತಾಗದೆ ಯಾರೂ ಉತ್ತರ ಕೊಡಲಾರರು.

ಆದರೂ ಗಾತ್ರಕ್ಕೆ ಅಷ್ಟೊಂದು ಮಹತ್ವ ಯಾಕೆ? ಒಂದು ಲೆಕ್ಕ ಮಾಡೋಣ. ಒಂದು ಸೆಂಟಿಮೀಟರ್ ಅಳತೆಯ ಬೆಳ್ಳಿಯ ಚೌಕಾಕಾರದ ತುಂಡು ತಗೊಳ್ಳಿ, ಲೂಡೋ ದಾಳದಂಥದ್ದು. ಅದರ ಆರೂ ಮುಖ ಸೇರಿದರೆ 6 ಚದರ ಸೆಂಟಿಮೀಟರ್. ಅದೇ ತುಂಡನ್ನು 10 ನ್ಯಾನೋಮೀಟರ್ ಚೂರುಗಳಾಗಿ ಕತ್ತರಿಸಿದರೆ ಎಲ್ಲ ಚೂರುಗಳ ಮೈ ಸೇರಿ 600 ಚದರ ಮೀಟರ್ ಆಗುತ್ತದೆ. ನಮ್ಮ ಊರಿನ 60-40 ಸೈಟು ಎರಡೂವರೆಗಿಂತ ಜಾಸ್ತಿ! ತೂಕ ಅಷ್ಟೇ, ಬೆಳ್ಳಿ ಅಷ್ಟೇ. ರಾಸಾಯನಿಕ ಕ್ರಿಯೆ ಎಲ್ಲ ನಡೆಯುವುದು ಮೈ ಮೇಲೆ, ಹಾಗಾಗಿ ತೂಕ ಬದಲಾಗದಿದ್ದರೂ ಕೆಲಸ ಬದಲಾಗುತ್ತದೆ.

ಇದಕ್ಕೆ ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುವ ಉದಾಹರಣೆ ತಾಮ್ರದ್ದು. 2006ರಲ್ಲಿ ಚೀನಾದ ವಿಜ್ಞಾನಿಗಳು ಇಲಿಮರಿಯಂಥ ಸಣ್ಣ ಬಿಳಿ ಇಲಿಗಳಿಗೆ ಎರಡು ಥರದ ತಾಮ್ರದ ಪುಡಿ ಕುಡಿಸಿದರು. ಒಂದರ ಕಣ 17 ಮೈಕ್ರಾನ್, ಅಂದರೆ 17,000 ನ್ಯಾನೋಮೀಟರ್, ಇನ್ನೊಂದರದ್ದು 23.5 ನ್ಯಾನೋಮೀಟರ್. ದಪ್ಪ ಪುಡಿಯಿಂದ ಅರ್ಧದಷ್ಟು ಇಲಿ ಸಾಯಬೇಕಾದರೆ ಕಿಲೋ ದೇಹತೂಕಕ್ಕೆ 5,000 ಮಿಲಿಗ್ರಾಂ ದಾಟಬೇಕಿತ್ತು. ಅಂದರೆ ಹೆಚ್ಚೂಕಡಿಮೆ ವಿಷವೇ ಅಲ್ಲ. ನ್ಯಾನೋ ಪುಡಿಗೆ 413 ಮಿಲಿಗ್ರಾಂ ಸಾಕಾಯಿತು. ಕೊಯ್ದು ನೋಡಿದರೆ ಮೂತ್ರಪಿಂಡದ ಬಣ್ಣವೇ ತಿರುಗಿತ್ತು, ಗುಲ್ಮ (ಸ್ಪ್ಲೀನ್) ಸಣ್ಣದಾಗಿ ಸುಕ್ಕಾಗಿತ್ತು, ಲಿವರ್‌ಗೂ ಪೆಟ್ಟು ಬಿದ್ದಿತ್ತು. ಯಾಕೆ ಹೀಗೆ? ಹೊಟ್ಟೆಯ ಹುಳಿಗೆ ನ್ಯಾನೋ ತಾಮ್ರ ಬಿದ್ದ ಕೂಡಲೇ ಅಷ್ಟೂ ಮೈಯಿಂದ ಕರಗಿತು. ಹೊಟ್ಟೆಯ ಆಮ್ಲ ಖರ್ಚಾಯಿತು, ತಾಮ್ರದ ಅಯಾನುಗಳು, ಅಂದರೆ ಕರಗಿದಾಗ ಬಿಡುಗಡೆಯಾಗುವ ವಿದ್ಯುತ್ ಹೊತ್ತ ತಾಮ್ರದ ಕಣಗಳು, ಒಮ್ಮೆಗೇ ದೇಹಕ್ಕೆ ನುಗ್ಗಿದವು. ದಪ್ಪ ಪುಡಿ ಕರಗುವಷ್ಟರಲ್ಲಿ ಹಿಕ್ಕೆಯಲ್ಲಿ ಆಚೆ ಹೋಗಿಬಿಟ್ಟಿತ್ತು. ಈ ತಾಮ್ರದ ಕಥೆ ನೆನಪಿಟ್ಟುಕೊಳ್ಳಿ, ಕುರಿಗಳ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಇನ್ನೊಂದು, ನನ್ನ ಮೇಜಿನ ಮೇಲೇ ಕಂಡದ್ದು. ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಶೂ ಡಬ್ಬಿಯಲ್ಲಿ ಮೂರು ಲವ್ ಬರ್ಡ್ಸ್ ತಂದಿದ್ದರು, ಮೂರೂ ಒಂದೇ ಬೆಳಿಗ್ಗೆ ಸತ್ತಿದ್ದವು. ಯಾರೋ ವಿಷ ಹಾಕಿದ್ದಾರೆ ಅಂತ ಅವರಿಗೆ ಅನುಮಾನ. ಕೊಯ್ದು ನೋಡಿದೆ. ಕತ್ತಿನ ಬುಡದ ಕಾಳಿನ ಚೀಲದಲ್ಲಿ ನವಣೆ ಹಾಗೇ ಇತ್ತು, ಅಂದರೆ ಸಾಯುವ ಸ್ವಲ್ಪ ಮುಂಚಿನ ತನಕ ಚೆನ್ನಾಗಿ ತಿಂದಿವೆ. ಲಿವರ್ ಸರಿಯಾಗಿದೆ, ಕರುಳು ಸರಿಯಾಗಿದೆ. ಶ್ವಾಸಕೋಶ ಮಾತ್ರ ಕಡು ಕೆಂಪು, ಒದ್ದೆ ಸ್ಪಂಜಿನ ಹಾಗೆ. ಸಣ್ಣ ಚೂರು ಕತ್ತರಿಸಿ ಫಾರ್ಮಲಿನ್‌ಗೆ ಹಾಕಿದರೆ ತೇಲಬೇಕಾದದ್ದು ತಳಕ್ಕೆ ಹೋಯಿತು. ಗಾಳಿ ಇರಬೇಕಾದ ಕಡೆ ರಕ್ತ ತುಂಬಿತ್ತು. ‘ಅಮ್ಮಾ, ಬೆಳಿಗ್ಗೆ ಏನಾದರೂ ಸೀದಿತ್ತಾ?’ ಅಂತ ಕೇಳಿದೆ. ದೋಸೆಗೆ ಅಂತ ಖಾಲಿ ನಾನ್‌ಸ್ಟಿಕ್ ತವಾ ಒಲೆ ಮೇಲಿಟ್ಟು ಫೋನ್ ಬಂತು ಅಂತ ಹೊರಗೆ ಹೋಗಿದ್ದರಂತೆ. ಪಂಜರ ಅಡುಗೆಮನೆಗೆ ಹೊಂದಿಕೊಂಡ ಬಾಲ್ಕನಿಯಲ್ಲಿತ್ತು. ಅವರು ಅತ್ತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಾನ್‌ಸ್ಟಿಕ್ ತವಾದ ಟೆಫ್ಲಾನ್ ಲೇಪನ ಅತಿಯಾಗಿ ಕಾದರೆ ಹಕ್ಕಿಗಳು ಸಾಯುತ್ತವೆ ಅನ್ನುವುದು ಹಳೆಯ ವಿಷಯ. ಆದರೆ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗ ಇನ್ನೂ ಆಳಕ್ಕೆ ಹೋಯಿತು. ಆಗ ತಾನೇ ಎದ್ದ ಹೊಗೆಯಲ್ಲಿ ಕಣಗಳು ಸುಮಾರು 18 ನ್ಯಾನೋಮೀಟರ್ ಇದ್ದವು. ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ ಅಂಥ ಕಣ, ಬರೀ 15 ನಿಮಿಷ ಉಸಿರಾಡಿದ್ದಕ್ಕೇ ಇಲಿಗಳ ಶ್ವಾಸಕೋಶದಲ್ಲಿ ರಕ್ತಸ್ರಾವ ಆಯಿತು, ಕೆಲವು ಸತ್ತವು. ಹೊಗೆಯಿಂದ ಕಣಗಳನ್ನು ಸೋಸಿ ಬರೀ ಅನಿಲ ಕೊಟ್ಟಾಗ ಏನೂ ಆಗಲಿಲ್ಲ. ಅದೇ ಹೊಗೆಯನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಕಣಗಳು ಒಂದಕ್ಕೊಂದು ಅಂಟಿ 100 ನ್ಯಾನೋಮೀಟರ್ ದಾಟಿದ ಮೇಲೆ ಕೊಟ್ಟಾಗಲೂ ಏನೂ ಆಗಲಿಲ್ಲ. ವಸ್ತು ಅದೇ, ಗಾತ್ರ ಮಾತ್ರ ಬೇರೆ. ಹಕ್ಕಿಗಳ ಶ್ವಾಸಕೋಶದಲ್ಲಿ ಗಾಳಿಗೂ ರಕ್ತಕ್ಕೂ ನಡುವಿನ ಪೊರೆ ಇಲಿಗಿಂತ ತೆಳು, ಕಣ ಗುಡಿಸುವ ಕೋಶಗಳೂ ಅಲ್ಲಿ ಕಡಿಮೆ. ಆದ್ದರಿಂದ ಒಂದು ಮಾತು ಖಂಡಿತವಾಗಿ ಹೇಳುತ್ತೇನೆ. ನ್ಯಾನೋ ಅಂತ ಬರೆದ ಯಾವ ದ್ರವವನ್ನೂ ಶೆಡ್ ಒಳಗೆ ಕೋಳಿಗಳಿರುವಾಗ ಫಾಗರ್‌ನಲ್ಲಿ (ಮಂಜಿನ ಹಾಗೆ ಸಿಂಪಡಿಸುವ ಯಂತ್ರ) ಹೊಡೆಯಬೇಡಿ. ನೀರಿಗೆ ಹಾಕುವುದಕ್ಕಿಂತ ಅದು ಹೆಚ್ಚು ಅಪಾಯ.

ಈಗ ಲಿವರ್ ವಿಷಯಕ್ಕೆ ಬರೋಣ. ಬಾಯಿಂದ ಹೋದ ಕಣಗಳಲ್ಲಿ ಬಹುಪಾಲು ಹಿಕ್ಕೆಯಲ್ಲೇ ಹೊರಗೆ ಹೋಗುತ್ತವೆ. ಸಣ್ಣ ಪಾಲು ಮಾತ್ರ ಕರುಳಿನ ಗೋಡೆ ದಾಟುತ್ತದೆ. ದಾಟಿದ್ದು ಕರುಳಿನ ರಕ್ತದ ಜೊತೆ ನೇರ ಲಿವರ್‌ಗೆ ಬರುತ್ತದೆ. ಲಿವರ್‌ನ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಕುಪ್ಫರ್ ಕೋಶ ಅನ್ನುವ ಕಾವಲುಗಾರರಿದ್ದಾರೆ. ರಕ್ತದಲ್ಲಿ ಬಂದ ಬ್ಯಾಕ್ಟೀರಿಯಾ, ಕಸ, ಕಡ್ಡಿ ಎಲ್ಲವನ್ನೂ ಹಿಡಿದು ನುಂಗುವುದೇ ಅವುಗಳ ಕೆಲಸ. ಗುಲ್ಮದಲ್ಲೂ ಇಂಥವೇ ಇವೆ. ಇಲಿಯ ರಕ್ತಕ್ಕೆ ಚುಚ್ಚಿದ ಬಹುತೇಕ ನ್ಯಾನೋ ಕಣಗಳ ದೊಡ್ಡ ಪಾಲು ಈ ಎರಡು ಅಂಗಗಳಲ್ಲೇ ಸಿಗುತ್ತದೆ. ಮೂತ್ರದಲ್ಲಿ ಹೋಗಬಹುದಲ್ಲ ಅಂದರೆ, ಕಿಡ್ನಿಯ ಜರಡಿ ಬಹಳ ಸಣ್ಣದು. ಸುಮಾರು 5.5 ನ್ಯಾನೋಮೀಟರ್‌ಗಿಂತ ದಪ್ಪ ಇದ್ದರೆ ಅಲ್ಲಿಂದ ಆಚೆ ಹೋಗಲಾರದು. ಹಾಗಾಗಿ ಕರಗದ ಕಣ ಲಿವರ್‌ಗೆ ಬಂದರೆ ತಿಂಗಳುಗಟ್ಟಲೆ ಅಲ್ಲೇ. ಬೆಳ್ಳಿ ನಿಧಾನವಾಗಿ ಕರಗುವಂಥದ್ದು, ಅದರ ಕಥೆ ಬೇರೆ. ಬೆಳ್ಳಿ ಕುಡಿಸಿದ ಇಲಿಗಳ ಮೇಲೆ ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದ ಪ್ರಯೋಗದಲ್ಲಿ, ಕುಡಿಸುವುದು ನಿಲ್ಲಿಸಿ ಎರಡು ತಿಂಗಳಾದ ಮೇಲೆ ಬಹುತೇಕ ಅಂಗಗಳಿಂದ ಬೆಳ್ಳಿ ಹೋಗಿತ್ತು, ಮಿದುಳು ಮತ್ತು ವೃಷಣದಿಂದ ಮಾತ್ರ ಹೋಗಿರಲಿಲ್ಲ.

ಎಷ್ಟು ಕೊಟ್ಟರೆ ಲಿವರ್ ಕೆಡುತ್ತದೆ? ಕೊರಿಯಾದವರು ಇಲಿಗಳಿಗೆ 90 ದಿನ ನ್ಯಾನೋ ಬೆಳ್ಳಿ ಕುಡಿಸಿ ನೋಡಿದರು. ದಿನಕ್ಕೆ ಕಿಲೋ ದೇಹತೂಕಕ್ಕೆ 30 ಮಿಲಿಗ್ರಾಂ ತನಕ ಹಾನಿ ಕಾಣಲಿಲ್ಲ, 125ರಲ್ಲಿ ಕಂಡಿತು. ಹೆಣ್ಣು ಇಲಿಗಳ ಕಿಡ್ನಿಯಲ್ಲಿ ಗಂಡಿಗಿಂತ ಸುಮಾರು ಎರಡು ಪಟ್ಟು ಬೆಳ್ಳಿ ಸೇರಿತ್ತು, ಅದೂ ಒಂದು ಗಮನಿಸಬೇಕಾದ ವಿಷಯ. ಇಲ್ಲಿ ನಿಮ್ಮ ಬಾಟಲಿಯ ಲೆಕ್ಕ ಮಾಡೋಣ. 1,000 ಲೀಟರ್‌ಗೆ 100 ಎಂಎಲ್ ಅಂದರೆ ಹತ್ತು ಸಾವಿರ ಪಟ್ಟು ತೆಳು. ಬಾಟಲಿಯಲ್ಲಿ ಬೆಳ್ಳಿ 500 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 500 ಭಾಗ) ಇದ್ದರೆ ಟ್ಯಾಂಕಿನಲ್ಲಿ 0.05 ಪಿಪಿಎಂ ಆಗುತ್ತದೆ. ಅಷ್ಟರಿಂದ ಕೋಳಿಯ ಹೊಟ್ಟೆಯಲ್ಲಿ ಏನೂ ಆಗದು, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ, ನಿಮ್ಮ ದುಡ್ಡು ಮಾತ್ರ ನೀರಿಗೆ ಬಿತ್ತು. ಬಾಟಲಿಯಲ್ಲಿ ನೂರಕ್ಕೆ ಇಪ್ಪತ್ತು ಭಾಗ ಬೆಳ್ಳಿ ಇದ್ದರೆ ಟ್ಯಾಂಕಿನಲ್ಲಿ 20 ಪಿಪಿಎಂ. ಒಂದೂವರೆ ಕಿಲೋ ಕೋಳಿ ದಿನಕ್ಕೆ ಕಾಲು ಲೀಟರ್ ಕುಡಿದರೆ 5 ಮಿಲಿಗ್ರಾಂ ಒಳಗೆ ಹೋಯಿತು, ಕಿಲೋಗೆ ಮೂರು ಮಿಲಿಗ್ರಾಂಗಿಂತ ಜಾಸ್ತಿ. ಇಲಿಯಲ್ಲಿ ಹಾನಿ ಕಾಣದ ಪ್ರಮಾಣಕ್ಕೂ ಇದಕ್ಕೂ ಇರುವ ಅಂತರ ಬರೀ ಹತ್ತು ಪಟ್ಟು. ವಿಷಶಾಸ್ತ್ರದಲ್ಲಿ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಹೋಗುವಾಗ ಸಾಮಾನ್ಯವಾಗಿ ನೂರು ಪಟ್ಟು ಅಂತರ ಇಟ್ಟುಕೊಳ್ಳುತ್ತೇವೆ. ನೀವು ಕಳಿಸಿದ ಲೇಬಲ್ ಫೋಟೋದಲ್ಲಿ ಪಿಪಿಎಂ ಅನ್ನುವ ಸಂಖ್ಯೆಯೇ ಇಲ್ಲ. ಸಂಖ್ಯೆ ಇಲ್ಲದ ಮೇಲೆ ಈ ಎರಡರಲ್ಲಿ ನಿಮ್ಮದು ಯಾವುದು ಅಂತ ನೀವು ಹೇಗೆ ತಿಳಿಯುತ್ತೀರಿ? ನನಗೆ ಕೋಪ ಬರುವುದು ಇಲ್ಲೇ. ರೈತ ಕೇಳದಿದ್ದರೆ ಹೇಳಬೇಕಾಗಿಲ್ಲ ಅಂತ ಯಾರೂ ಅಂದುಕೊಳ್ಳಬಾರದು.

ಇನ್ನು ಇಮ್ಯುನಿಟಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಮಾರುವವರು ಜಾಸ್ತಿ ಬಳಸುವ ಪದ ಇದೇ.

ಕಾವಲು ಕೋಶ ಬ್ಯಾಕ್ಟೀರಿಯಾವನ್ನು ನುಂಗಿದರೆ ಅದನ್ನು ಹುಳಿ ತುಂಬಿದ ಒಂದು ಚೀಲಕ್ಕೆ ಹಾಕಿ ಕರಗಿಸುತ್ತದೆ. ಬೆಳ್ಳಿಯ ಕಣವನ್ನು ನುಂಗಿದಾಗಲೂ ಅದನ್ನೇ ಮಾಡುತ್ತದೆ. ಆದರೆ ಆ ಹುಳಿಯಲ್ಲಿ ಬೆಳ್ಳಿ ಕರಗಿ ಬೆಳ್ಳಿಯ ಅಯಾನು ಬಿಡುತ್ತದೆ. ಹೊರಗಿದ್ದಾಗ ಕೋಶದ ಗೋಡೆ ಸುಲಭವಾಗಿ ದಾಟಲಾಗದಿದ್ದ ವಿಷ ಈಗ ಕೋಶದ ಒಳಗೇ ಹುಟ್ಟಿತು, ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗೆ. ಕೋಶದ ಕೆಲಸಗಾರ ಪ್ರೋಟೀನ್‌ಗಳಲ್ಲಿ ಗಂಧಕ ಇರುವ ಕಡೆ ಬೆಳ್ಳಿ ಹೋಗಿ ಅಂಟುತ್ತದೆ, ಅವು ಕೆಲಸ ನಿಲ್ಲಿಸುತ್ತವೆ. ಕೋಶದ ಶಕ್ತಿ ಕೇಂದ್ರಗಳು ಕೆಟ್ಟು, ಸುಡುವ ಗುಣದ ಆಮ್ಲಜನಕದ ತುಣುಕುಗಳು ಜಾಸ್ತಿ ಆಗುತ್ತವೆ. ಆಗ ಕೋಶ ಅಪಾಯದ ಕೂಗು ಹಾಕುತ್ತದೆ, ಉರಿಯೂತದ ಸಂದೇಶಗಳು ಹೊರಡುತ್ತವೆ, ಅಕ್ಕಪಕ್ಕದ ಕೋಶಗಳೂ ಓಡಿ ಬರುತ್ತವೆ. ಎಲ್ಲರೂ ಒಂದು ಕಡೆ ಗುಂಪು ಕೂಡಿದಾಗ ರೋಗ ತರುವ ಇ. ಕೋಲೈ ಬ್ಯಾಕ್ಟೀರಿಯಾ ಬಂದರೆ ನುಂಗುವವರು ಯಾರು? ಹೊಟ್ಟೆ ತುಂಬ ಕಣ ತುಂಬಿಕೊಂಡ ಕಾವಲು ಕೋಶ ಬ್ಯಾಕ್ಟೀರಿಯಾ ನುಂಗುವುದರಲ್ಲಿ ಹಿಂದೆ ಬೀಳುತ್ತದೆ.

ಕೆಲವು ಕಣಗಳು ಇಮ್ಯುನಿಟಿಯನ್ನು ತಗ್ಗಿಸುವ ಬದಲು ಕೆರಳಿಸುತ್ತವೆ. ಅದೂ ಒಳ್ಳೆಯ ಸುದ್ದಿ ಅಲ್ಲ. ಇಲಿಗಳಿಗೆ ಮೊಟ್ಟೆಯ ಬಿಳಿಯ ಪ್ರೋಟೀನನ್ನು ಮೂಗಿನಿಂದ ಕೊಟ್ಟರೆ ಸಾಮಾನ್ಯವಾಗಿ ದೊಡ್ಡ ಪ್ರತಿಕ್ರಿಯೆ ಬರುವುದಿಲ್ಲ. ಅದರ ಜೊತೆ ಇಂಗಾಲದ ನ್ಯಾನೋ ಕಣ ಸೇರಿಸಿ ಕೊಟ್ಟಾಗ ಅಲರ್ಜಿ ಶುರುವಾಯಿತು. ‘ಇಮ್ಯುನಿಟಿ ಜಾಸ್ತಿ ಮಾಡುತ್ತದೆ’ ಅಂದರೆ ಯಾವ ಕಡೆಗೆ ಜಾಸ್ತಿ ಅಂತ ಕೇಳಬೇಕು. ಕೋಳಿಗಳನ್ನು ಕೊಲ್ಲುವ ರಾಣಿಖೇತ್ ರೋಗದ ವೈರಸ್ ವಿರುದ್ಧ ಆ್ಯಂಟಿಬಾಡಿ (ರೋಗಾಣುವಿಗೆ ಅಂಟಿ ಅದನ್ನು ತಡೆಯುವ ರಕ್ತದ ಪ್ರೋಟೀನ್) ಜಾಸ್ತಿ ಆದರೆ ಲಾಭ. ಸುಮ್ನೆ ಉರಿಯೂತ ಜಾಸ್ತಿ ಆದರೆ ಕೋಳಿ ತಿಂದ ಫೀಡು ಮೊಟ್ಟೆಗೆ ಹೋಗದೆ ಆ ಉರಿಗೆ ಹೋಗುತ್ತದೆ.

ಇಷ್ಟೂ ಇಲಿಗಳ ಮಾತಾಯಿತು, ಕೋಳಿಗಳದ್ದು ಹೇಳಿ ಅಂತೀರಿ. ಹೇಳುತ್ತೇನೆ. ಡೆನ್ಮಾರ್ಕ್ ಮತ್ತು ಪೋಲೆಂಡ್ ವಿಜ್ಞಾನಿಗಳು ಸೇರಿ ಬ್ರಾಯ್ಲರ್ ಕೋಳಿಗಳಿಗೆ ಕುಡಿಯುವ ನೀರಿನಲ್ಲಿ 10 ಮತ್ತು 20 ಪಿಪಿಎಂ ನ್ಯಾನೋ ಬೆಳ್ಳಿ ಕೊಟ್ಟು ನೋಡಿದರು, 2012ರಲ್ಲಿ ಪ್ರಕಟಿಸಿದರು. ತೂಕ ಹೆಚ್ಚಲಿಲ್ಲ. ಕರುಳಿನ ಬ್ಯಾಕ್ಟೀರಿಯಾದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಆಂಟಿಬಯಾಟಿಕ್ ಬದಲು ಇದು ಅನ್ನುವ ಮಾತು ಅಲ್ಲಿಗೇ ಮುಗಿಯಿತು. 36ನೇ ದಿನ ರಕ್ತ ತೆಗೆದು ನೋಡಿದಾಗ ಬೆಳ್ಳಿ ಕುಡಿದ ಕೋಳಿಗಳ ರಕ್ತದಲ್ಲಿ ಐಜಿಜಿ ಅನ್ನುವ ಬಗೆಯ ಆ್ಯಂಟಿಬಾಡಿ, ಬೆಳ್ಳಿ ಕುಡಿಯದ ಕೋಳಿಗಳಿಗಿಂತ ಕಡಿಮೆ ಇತ್ತು. ಜಾಸ್ತಿ ಅಲ್ಲ, ಕಡಿಮೆ. ಇನ್ನೊಂದು ಪ್ರಯೋಗ ಇಟಲಿಯದ್ದು, ಅದು ನಿಮ್ಮ ಹಾಗೆ ಮೊಟ್ಟೆ ಕೋಳಿಗಳದ್ದೇ. 20 ನ್ಯಾನೋಮೀಟರ್ ಬೆಳ್ಳಿಯ ಕಣಗಳನ್ನು ಮೂರು ವಾರ ಬಾಯಿಂದ ಕೊಟ್ಟಾಗ ಬೆಳ್ಳಿ ಸಿಕ್ಕಿದ್ದು ಲಿವರ್‌ನಲ್ಲಿ ಮತ್ತು ಮೊಟ್ಟೆಯ ಹಳದಿಯಲ್ಲಿ. ಆ ಹಳದಿ ಯಾರ ತಟ್ಟೆಗೆ ಹೋಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಇದೆಲ್ಲಕ್ಕಿಂತ ಮೊದಲು ನಿಮಗೆ ಪೆಟ್ಟು ಬೀಳುವ ಜಾಗ ಒಂದಿದೆ, ಅದನ್ನು ಯಾರೂ ಹೇಳುವುದಿಲ್ಲ. ನೀವು ರಾಣಿಖೇತ್ ರೋಗದ ಲಸೋಟಾ ಲಸಿಕೆಯನ್ನು ಕುಡಿಯುವ ನೀರಿನಲ್ಲೇ ಕೊಡುತ್ತೀರಿ ಅಲ್ವಾ? ಅದು ಜೀವಂತ ವೈರಸ್ ಲಸಿಕೆ. ಅದಕ್ಕೇ ಲಸಿಕೆ ದಿನ ಕ್ಲೋರಿನ್ ನಿಲ್ಲಿಸುತ್ತೀರಿ, ಲೀಟರಿಗೆ ಎರಡೂವರೆ ಗ್ರಾಂನಷ್ಟು ಕೆನೆರಹಿತ ಹಾಲಿನ ಪುಡಿ ಕಲಸುತ್ತೀರಿ. ಬೆಳ್ಳಿ ವೈರಸ್‌ಗಳನ್ನೂ ಕೊಲ್ಲುತ್ತದೆ. ಕ್ಲೋರಿನ್ ಆದರೆ ಒಂದೆರಡು ದಿನದಲ್ಲಿ ಹಾರಿಹೋಗುತ್ತದೆ, ಬೆಳ್ಳಿ ಹಾರುವುದಿಲ್ಲ. ಪೈಪಿನ ಒಳಗೆ, ಕೋಳಿ ನೀರು ಕುಡಿಯುವ ನಿಪ್ಪಲ್ ಬಾಯಲ್ಲಿ ಪಾಚಿಯಂಥ ಪದರಕ್ಕೆ ಅಂಟಿ ಕೂರುತ್ತದೆ. ಲಸಿಕೆ ಕೋಳಿಯ ಬಾಯಿ ಸೇರುವ ಮೊದಲೇ ಸತ್ತರೆ ರಾಣಿಖೇತ್ ಬಂದಾಗ ಮಾತ್ರ ಗೊತ್ತಾಗುವುದು, ಆಗ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಒಂದು ಫಾರಮ್ಮಿನಲ್ಲಿ ನೀರು ಶುದ್ಧ ಮಾಡುವ ಔಷಧಿ ನಿಲ್ಲಿಸದೆ ಲಸಿಕೆ ಕೊಟ್ಟು ಸಾವಿರಗಟ್ಟಲೆ ಕೋಳಿ ಹೋದದ್ದನ್ನು ನಾನೇ ನೋಡಿದ್ದೇನೆ. ಕತ್ತು ತಿರುಚಿಕೊಂಡು ಬಿದ್ದ ಕೋಳಿಗಳನ್ನು ಗುದ್ದಲಿಯಲ್ಲಿ ಗುಂಡಿಗೆ ಎಳೆಯುವುದು ಯಾವ ರೈತನಿಗೂ ಬೇಡ.

ಇನ್ನೂ ಒಂದು ಸಣ್ಣ ವಿಷಯ. ನಿಮ್ಮ ಕಡೆಯ ಬೋರ್‌ವೆಲ್ ನೀರು ಉಪ್ಪು, ಗಡಸು ಅಂತ ನೀವೇ ಬರೆದಿದ್ದೀರಿ. ನೀರಿನಲ್ಲಿ ಕ್ಲೋರೈಡ್ ಜಾಸ್ತಿ ಇದ್ದರೆ ಕರಗಿದ ಬೆಳ್ಳಿ ಸಿಲ್ವರ್ ಕ್ಲೋರೈಡ್ ಆಗಿ ಗರಣೆ ಕಟ್ಟುತ್ತದೆ, ಕಣಗಳೂ ಒಂದಕ್ಕೊಂದು ಅಂಟಿ ಟ್ಯಾಂಕಿನ ತಳ ಸೇರುತ್ತವೆ. ಮೊದಲ ದಿನ ಮೇಲಿನ ತೆಳು ನೀರು ಕುಡಿದ ಕೋಳಿಗೆ ಏನೂ ಇಲ್ಲ, ಟ್ಯಾಂಕ್ ಖಾಲಿಯಾಗುವಾಗ ತಳದ ಗಷ್ಟು ಕುಡಿದ ಕೋಳಿಗೆ ಎಲ್ಲವೂ.

ಕುರಿಗಳ ವಿಷಯ. ಇಲ್ಲಿ ನಾನು ಹೆಚ್ಚು ಗಾಬರಿಪಡುತ್ತೇನೆ, ಯಾಕೆಂದರೆ ನ್ಯಾನೋ ಅಲ್ಲದ ಸಾಮಾನ್ಯ ತಾಮ್ರವೇ ಕುರಿಗೆ ಸಾಕಷ್ಟು ಅಪಾಯ. ದನಕ್ಕೆ ಸರಿಹೋಗುವ ತಾಮ್ರ ಕುರಿಗೆ ಆಗುವುದಿಲ್ಲ. ಕುರಿಯ ಲಿವರ್ ತಾಮ್ರವನ್ನು ಪಿತ್ತದಲ್ಲಿ ಹೊರಹಾಕುವುದರಲ್ಲಿ ಬಹಳ ಹಿಂದೆ, ಸೇರಿಸುತ್ತಾ ಹೋಗುತ್ತದೆ. ಯುರೋಪಿನಲ್ಲಿ ಕುರಿಯ ಮೇವಿನಲ್ಲಿ ತಾಮ್ರ ಕಿಲೋಗೆ 15 ಮಿಲಿಗ್ರಾಂ ದಾಟಬಾರದು ಅಂತ ಕಾನೂನೇ ಇದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಏನೂ ಕಾಣುವುದಿಲ್ಲ, ಕುರಿ ಮೇಯುತ್ತಲೇ ಇರುತ್ತದೆ. ಒಂದು ದಿನ ಲಾರಿಯಲ್ಲಿ ಸಾಗಿಸಿದಿರೋ, ಮೇವು ಬದಲಾಯಿತೋ, ಮಳೆಗೆ ನೆನೆಯಿತೋ, ಲಿವರ್ ಒಮ್ಮೆಗೇ ಆ ತಾಮ್ರವನ್ನೆಲ್ಲ ರಕ್ತಕ್ಕೆ ಬಿಡುತ್ತದೆ. ಕೆಂಪು ರಕ್ತಕಣಗಳು ಒಡೆಯುತ್ತವೆ. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರೆ ಅರಿಶಿನ ಬಳಿದ ಹಾಗೆ, ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣ. ಸತ್ತ ಕುರಿಯ ಕಿಡ್ನಿ ಬಂದೂಕಿನ ನಳಿಕೆಯ ಹಾಗೆ ನೀಲಿ-ಕಪ್ಪು. ಒಂದು ಸಲ ನೋಡಿದವರು ಮರೆಯುವುದಿಲ್ಲ.

ಈಗ ಮೇಲಿನ ಇಲಿಗಳ ತಾಮ್ರದ ಕಥೆ ನೆನಪು ಮಾಡಿಕೊಳ್ಳಿ. ದಪ್ಪ ಪುಡಿಗಿಂತ ನ್ಯಾನೋ ಪುಡಿ ಹನ್ನೆರಡು ಪಟ್ಟಿಗೂ ಜಾಸ್ತಿ ವಿಷ. ‘ನ್ಯಾನೋ ಆದ್ದರಿಂದ ಚೆನ್ನಾಗಿ ಹೀರುತ್ತದೆ’ ಅನ್ನುವುದನ್ನು ಅವರು ಗುಣ ಅಂತ ಹೇಳುತ್ತಾರೆ. ಕುರಿಗೆ ಅದೇ ದೋಷ. ತಾಮ್ರ ಚೆನ್ನಾಗಿ ಹೀರಬಾರದು ಅಂತಲೇ ನಾವು ಕುರಿಗಳ ಮಿಕ್ಸ್ಚರ್‌ನಲ್ಲಿ ಅದನ್ನು ಕಡಿಮೆ ಇಡುವುದು. ದನದ ಮಿಕ್ಸ್ಚರ್ ಕುರಿಗೂ ಆಗುತ್ತದೆ ಅಂತ ಯಾರು ಹೇಳಿದರೂ, ನ್ಯಾನೋ ಇರಲಿ ಇಲ್ಲದಿರಲಿ, ಬೇಡ ಅನ್ನಿ.

ಅದೇ ಪೊಟ್ಟಣದಲ್ಲಿರುವ ಸೆಲೆನಿಯಂ ಮಾತ್ರ ಉಲ್ಟಾ ಕಥೆ. ಪ್ರಾಮಾಣಿಕವಾಗಿ ಅದನ್ನೂ ಹೇಳಬೇಕು. ನಾವು ಮಾಮೂಲಾಗಿ ಬಳಸುವ ಸೋಡಿಯಂ ಸೆಲೆನೈಟ್ ಬಹಳ ವಿಷ, ಇಲಿಗಳಲ್ಲಿ ಅರ್ಧದಷ್ಟು ಸಾಯಲು ಕಿಲೋಗೆ 15.7 ಮಿಲಿಗ್ರಾಂ ಸೆಲೆನಿಯಂ ಸಾಕು. ಪ್ರೋಟೀನ್ ಹೊದಿಸಿದ ಕೆಂಪು ನ್ಯಾನೋ ಸೆಲೆನಿಯಂಗೆ 113 ಮಿಲಿಗ್ರಾಂ ಬೇಕಾಯಿತು, 2001ರ ಚೀನಾದ ಪ್ರಯೋಗದಲ್ಲಿ. ಅಂದರೆ ನ್ಯಾನೋ ಮಾಡಿದ್ದರಿಂದ ವಿಷ ಏಳು ಪಟ್ಟು ಇಳಿಯಿತು. ಒಂದೇ ಪೊಟ್ಟಣದಲ್ಲಿ ಒಂದು ನ್ಯಾನೋ ಅಪಾಯ ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ. ಸತುವಿನದ್ದು ಇವೆರಡರ ನಡುವೆ. ಹಂದಿಮರಿಗಳ ಭೇದಿಗೆ ಟನ್ ಫೀಡಿಗೆ ಎರಡೂವರೆ ಮೂರು ಕಿಲೋ ಸತುವಿನ ಆಕ್ಸೈಡ್ ಹಾಕುತ್ತಿದ್ದುದನ್ನು ಯುರೋಪಿನಲ್ಲಿ 2022ರಲ್ಲಿ ನಿಲ್ಲಿಸಿದರು, ಮಣ್ಣು ಕೆಡುತ್ತದೆ ಅಂತ. ನ್ಯಾನೋ ರೂಪದಲ್ಲಿ ಸ್ವಲ್ಪವೇ ಸಾಕಾಗಬಹುದು ಅಂತ ಸಂಶೋಧನೆ ನಡೆಯುತ್ತಿದೆ. ಅದಕ್ಕೆ ನನ್ನ ವಿರೋಧ ಇಲ್ಲ.

ಕುರಿಗಳ ಬಗ್ಗೆ ಇನ್ನೊಂದು ಮಾತು. ಇಲಿಯ ರಕ್ತಕ್ಕೆ ಚುಚ್ಚಿದ ಕಣ ಲಿವರ್‌ಗೆ ಹೋಗುತ್ತದೆ ಅಂದೆ. ಕುರಿ, ಮೇಕೆ, ದನ, ಹಂದಿ, ಕುದುರೆ, ಬೆಕ್ಕು, ಇವುಗಳ ಶ್ವಾಸಕೋಶದ ರಕ್ತನಾಳದ ಒಳಗೋಡೆಯಲ್ಲೂ ನುಂಗುವ ಕಾವಲು ಕೋಶಗಳಿವೆ. ಇಲಿ, ನಾಯಿಗಳಲ್ಲಿ ಅವು ಇಲ್ಲ. ಹಾಗಾಗಿ ಕುರಿಯ ರಕ್ತಕ್ಕೆ ಕಣ ಹೋದರೆ ದೊಡ್ಡ ಪಾಲು ಶ್ವಾಸಕೋಶದಲ್ಲಿ ಸಿಕ್ಕಿಬೀಳುತ್ತದೆ, ಕೆಲವು ಕಣಗಳಿಂದ ಪ್ರಾಣಿಗೆ ನಿಮಿಷಗಳಲ್ಲೇ ಉಸಿರು ಕಟ್ಟುತ್ತದೆ, ಬಿ.ಪಿ. ಕುಸಿಯುತ್ತದೆ. ಹಂದಿಗಳಲ್ಲಿ ಇದನ್ನು ಚೆನ್ನಾಗಿ ದಾಖಲಿಸಿದ್ದಾರೆ. ಇಲಿಯಲ್ಲಿ ಸುರಕ್ಷಿತ ಅಂತ ವರದಿ ತೋರಿಸಿ ಯಾರಾದರೂ ಕುರಿಗೆ ನ್ಯಾನೋ ಇಂಜೆಕ್ಷನ್ ಕೊಡಲು ಬಂದರೆ ಬಾಗಿಲಲ್ಲೇ ನಿಲ್ಲಿಸಿ. ಗಬ್ಬದ ಕುರಿ ಇದ್ದರಂತೂ ಹತ್ತಿರ ಬರಲೇ ಬಿಡಬೇಡಿ. ಜಪಾನಿನಲ್ಲಿ ಗಬ್ಬದ ಇಲಿಗಳ ರಕ್ತಕ್ಕೆ 70 ನ್ಯಾನೋಮೀಟರ್ ಸಿಲಿಕಾ ಕಣ ಕೊಟ್ಟಾಗ ಅದು ಮಾಸು ದಾಟಿ ಮರಿಗೆ ಹೋಯಿತು, ಮರಿಗಳು ಸಣ್ಣವಾದವು. 300 ನ್ಯಾನೋಮೀಟರ್ ಸಿಲಿಕಾದಿಂದ ಆ ತೊಂದರೆ ಆಗಲಿಲ್ಲ. 70ರ ಕಣದ ಮೈಗೇ ಬೇರೆ ರಾಸಾಯನಿಕ ಲೇಪಿಸಿದಾಗಲೂ ಆಗಲಿಲ್ಲ. ನಾನು ‘ಲೇಪನ ಯಾವುದು’ ಅಂತ ಪದೇ ಪದೇ ಕೇಳುವುದು ಇದಕ್ಕೇ.

ಕ್ಯಾನ್ಸರ್ ಮಾತು ಬಾಕಿ ಇದೆ, ನಿಮ್ಮ ಮಗನಿಗೆ ಇದನ್ನು ಓದಲು ಕೊಡಿ. ಅವನು ಬಹುಶಃ ಬಿಳಿ ಬಣ್ಣಕ್ಕೆ ಬಳಸುವ ಟೈಟಾನಿಯಂ ಡೈಆಕ್ಸೈಡ್ ಪುಡಿಯ ಬಗ್ಗೆ ಓದಿರಬೇಕು. ಅದರ ಧೂಳನ್ನು ಎರಡು ವರ್ಷ ಭಾರೀ ಪ್ರಮಾಣದಲ್ಲಿ ಉಸಿರಾಡಿದ ಇಲಿಗಳ ಶ್ವಾಸಕೋಶದಲ್ಲಿ ಗೆಡ್ಡೆ ಕಂಡಿತ್ತು. ಅದನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2006ರಲ್ಲಿ ‘ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇದೆ’ ಅನ್ನುವ ಗುಂಪಿಗೆ ಅದನ್ನು ಸೇರಿಸಿತು. 2017ರಲ್ಲಿ ಫ್ರಾನ್ಸಿನವರು ಅದನ್ನೇ ಇಲಿಗಳಿಗೆ 100 ದಿನ ಕುಡಿಸಿ, ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಪೂರ್ವದ ಬದಲಾವಣೆಗಳನ್ನೂ ಕರುಳಿನ ಇಮ್ಯುನಿಟಿ ಏರುಪೇರಾದದ್ದನ್ನೂ ತೋರಿಸಿದರು. 2021ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ, ಇದು ಡಿಎನ್‌ಎಗೆ ಹಾನಿ ಮಾಡುವುದಿಲ್ಲ ಅಂತ ಖಾತ್ರಿಯಾಗಿ ಹೇಳಲಾಗದು ಅಂದಿತು. 2022ರಲ್ಲಿ ಅಲ್ಲಿ ಆಹಾರದಿಂದ ಅದನ್ನು ತೆಗೆದರು. ಪಶು ಆಹಾರಕ್ಕೂ ಅನುಮತಿ ಕೊಡಲಿಲ್ಲ. ಉದ್ದನೆಯ ಇಂಗಾಲದ ನ್ಯಾನೋ ನಳಿಕೆಗಳು ಇಲಿಯ ಹೊಟ್ಟೆಯ ಒಳಪೊರೆಯಲ್ಲಿ ಕಲ್ನಾರಿನ (ಆಸ್ಬೆಸ್ಟಾಸ್) ಹಾಗೆ ವರ್ತಿಸಿದ್ದನ್ನು 2008ರಲ್ಲಿ ಎಡಿನ್‌ಬರೋದವರು ತೋರಿಸಿದರು. ಇವೆಲ್ಲ ನಿಜ. ಆದರೆ ನಿಮ್ಮ ಕೋಳಿಗೆ ಕುಡಿಸುವ ಬೆಳ್ಳಿಗೆ ಇವುಗಳನ್ನು ಹಾಗೇ ಅಂಟಿಸಲು ಬರುವುದಿಲ್ಲ. ಬೆಳ್ಳಿ ಕರಗುತ್ತದೆ, ಟೈಟಾನಿಯಂ ಕರಗುವುದಿಲ್ಲ. ಒಂದೂವರೆ ವರ್ಷ ಬದುಕುವ ಮೊಟ್ಟೆ ಕೋಳಿಯಲ್ಲಿ ನಾನು ಹೆದರುವುದು ಕ್ಯಾನ್ಸರ್‌ಗಲ್ಲ, ಲಸಿಕೆ ಹಾಳಾಗುವುದಕ್ಕೆ, ಮೊಟ್ಟೆಯ ಹಳದಿಗೆ.

ಹಾಗಾದರೆ ಈಗ ಏನು ಮಾಡಬೇಕು? ಮಾರಿದವರಿಗೆ ಫೋನ್ ಮಾಡಿ. ಕಣದ ಗಾತ್ರ ಎಷ್ಟು, ಬೆಳ್ಳಿ ಎಷ್ಟು ಪಿಪಿಎಂ, ಮೇಲಿನ ಲೇಪನ ಯಾವುದು, ಮೊಟ್ಟೆ ಕೋಳಿಗಳ ಮೇಲೆ ಮಾಡಿದ ಪರೀಕ್ಷೆಯ ವರದಿ ಎಲ್ಲಿ, ಮೊಟ್ಟೆಯಲ್ಲಿ ಬೆಳ್ಳಿ ಅಳೆದಿದ್ದಾರಾ ಅಂತ ಕೇಳಿ, ಉತ್ತರ ಬರವಣಿಗೆಯಲ್ಲಿ ಬೇಕು ಅನ್ನಿ. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲೇ ಕೃಷಿ ಮತ್ತು ಆಹಾರದ ನ್ಯಾನೋ ಉತ್ಪನ್ನಗಳನ್ನು ಹೇಗೆ ಪರೀಕ್ಷಿಸಬೇಕು ಅಂತ ಮಾರ್ಗಸೂಚಿ ಕೊಟ್ಟಿದೆ. ಹಾಗಾಗಿ ನೀವು ಕೇಳುತ್ತಿರುವುದು ಅತಿಯಾದದ್ದೇನೂ ಅಲ್ಲ.

ಕೋಳಿಗಳ ಇಮ್ಯುನಿಟಿ ಹೇಗಿದೆ ಅಂತ ನಿಜವಾಗಿ ತಿಳಿಯಬೇಕಾದರೆ ಅದಕ್ಕೆ ಪರೀಕ್ಷೆ ಇದೆ. ಲಸೋಟಾ ಕೊಟ್ಟು ಎರಡು ಮೂರು ವಾರ ಆದ ಮೇಲೆ ಶೆಡ್ಡಿನ ಬೇರೆ ಬೇರೆ ಸಾಲಿನಿಂದ ಹತ್ತು ಹದಿನೈದು ಕೋಳಿಗಳ ರಕ್ತ ತೆಗೆಸಿ, ಜಿಲ್ಲೆಯ ಪಶು ರೋಗ ಪ್ರಯೋಗಾಲಯಕ್ಕೋ ವೆಟರ್ನರಿ ಕಾಲೇಜಿಗೋ ಟೈಟರ್ (ರಕ್ತದಲ್ಲಿ ಆ್ಯಂಟಿಬಾಡಿ ಎಷ್ಟಿದೆ ಅನ್ನುವ ಅಳತೆ) ನೋಡಲು ಕಳಿಸಿ. ಟೈಟರ್ ಸಮನಾಗಿ ಚೆನ್ನಾಗಿ ಬಂದಿದ್ದರೆ ನಿಮ್ಮ ಕೋಳಿಗಳಿಗೆ ಯಾವ ಬಾಟಲಿಯೂ ಬೇಡ. ಬಂದಿಲ್ಲ ಅಂದರೆ ಲಸಿಕೆ ಕೊಡುವ ರೀತಿಯಲ್ಲಿ, ನೀರಿನಲ್ಲಿ, ಐಸ್ ಡಬ್ಬಿಯಲ್ಲಿ ಎಲ್ಲೋ ತಪ್ಪಿದೆ. ವರದಿ ಬಂದ ಮೇಲೆ ನನಗೆ ಬರೆಯಿರಿ, ಕೂತು ಹುಡುಕೋಣ. ನೀರಿಗೆ ಅಳತೆ ಮಾಡಿ ಕ್ಲೋರಿನ್ ಹಾಕಿ, ವಾರಕ್ಕೊಮ್ಮೆ ಪೈಪ್‌ಲೈನ್ ತೊಳೆಯಿರಿ.

ಬಾಟಲಿಗಳನ್ನು ಬಿಲ್ ಸಮೇತ ವಾಪಸ್ ಕೊಡಿ. ಅವರು ತಗೊಳ್ಳದಿದ್ದರೂ ಕೋಪದಲ್ಲಿ ಮೋರಿಗೆ, ಹಳ್ಳಕ್ಕೆ ಸುರಿಯಬೇಡಿ. ಬೆಳ್ಳಿ ಮೀನಿನ ಕಿವಿರಿಗೆ ಬಹಳ ಕೆಟ್ಟದ್ದು, ನೀರಿನಿಂದ ಉಪ್ಪು ಎಳೆದುಕೊಳ್ಳುವುದನ್ನೇ ನಿಲ್ಲಿಸಿಬಿಡುತ್ತದೆ, ನಿಮ್ಮ ಹಳ್ಳದ ನೀರು ಮುಂದೆ ಯಾವುದೋ ಕೆರೆಗೆ ಸೇರುತ್ತದೆ. ಮುಚ್ಚಳ ಬಿಗಿಯಾಗಿ ಹಾಕಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.